ರೀಲ್ ಕ್ಯಾಮೆರಾದ ಹಳೆಯ ಲೆನ್ಸ್ ಹೊಸ ಡಿಜಿಟಲ್ ಕ್ಯಾಮೆರಾಗೆ ಕೂಡುತ್ತದೆಯೇ?

ಔರಾದ್‌ನಲ್ಲಿ ನಮ್ಮ ಕಾಕಾ ಒಂದು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ರೀಲ್ ಹೋಗಿ ಮೆಮೊರಿ ಕಾರ್ಡ್ ಬಂದ ಮೇಲೆ ಅದು ಮುಚ್ಚಿತು. ಹೋದ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯಿತು. ಒಳಗೆ ಒಂದು ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ, ಅದರ 50 ಮಿ.ಮೀ. ಎಫ್/2 ಲೆನ್ಸ್, ಅದಕ್ಕಿಂತ ಹಳೆಯದಾದ ತಿರುಪಿನ 135 ಮಿ.ಮೀ. ಲೆನ್ಸ್ ಒಂದು, ಮತ್ತೆ ಎರಡು ಕಣ್ಣಿನ ಯಾಶಿಕಾ. ಭಾಲ್ಕಿಯಲ್ಲಿ ಓದುತ್ತ ಮದುವೆ ಫೋಟೋ ತೆಗೆಯುವ ಕಾಕಾನ ಮಗನ ಬಳಿ ಸೋನಿಯ ಮಿರರ್‌ಲೆಸ್ ಕ್ಯಾಮೆರಾ ಇದೆ. ಅದರ ಜತೆಗೆ ಬಂದ ಸಣ್ಣ ಝೂಮ್ ಬಿಟ್ಟರೆ ಬೇರೆ ಲೆನ್ಸ್ ಇಲ್ಲ. “ಅಪ್ಪಾ, ಇವು ನನ್ನ ಕ್ಯಾಮೆರಾಕ್ಕ ಕೂಡ್ತಾವೇನು?” ಎಂದು ಕೇಳಿದ.

ಕಾಕಾಗೆ ಗೊತ್ತಿರಲಿಲ್ಲ. ಹೀಗಾಗಿ ಅವನು ಮೂರು ಕಡೆ ವಿಚಾರಿಸಿದ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ. ದೊಡ್ಡ ಊರಿನ ಕ್ಯಾಮೆರಾ ಅಂಗಡಿಯೊಂದರಲ್ಲಿ “ಹಳೇ ಲೆನ್ಸ್‌ನಾಗ ರೇಡಿಯೇಷನ್ ಇರ್ತದ, ಮನ್ಯಾಗ ಇಡಬ್ಯಾಡ್ರಿ” ಎಂದರು. ಗೆಳೆಯನೊಬ್ಬ, ಹಳೆಯದರ ಫಂಗಸ್ ಹೊಸ ಕ್ಯಾಮೆರಾಗೆ ಹತ್ತುತ್ತದೆ ಎಂದು ಹೆದರಿಸಿದ. ಟ್ರಂಕು ಗುಜರಿಗೆ ಹೋಗುವುದರಲ್ಲಿತ್ತು. “ಇಪ್ಪತ್ತ್ ವರ್ಷ ಕೊರಳಾಗ ಹಾಕ್ಕೊಂಡು ತಿರಗೀನಿ, ನನಗೇನ್ ಆಗೇದ?” ಎಂದು ಕಾಕಾ ತಡೆದರು. ಕಾಕಾನ ವಾದ ವಿಜ್ಞಾನವಲ್ಲ, ಆದರೆ ಅವರು ತಡೆದದ್ದು ಒಳ್ಳೆಯದೇ ಆಯಿತು. ಇಂಥ ಟ್ರಂಕುಗಳು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿವೆ. ಹಾಗಾಗಿ ವಿಷಯವನ್ನು ಬುಡದಿಂದ ನೋಡೋಣ.

ಎಲ್ಲವೂ ನಿಂತಿರುವುದು ಒಂದು ದೂರದ ಮೇಲೆ

ಲೆನ್ಸ್ ಕೂಡುವ ಲೋಹದ ಬಳೆಗೆ ಮೌಂಟ್ ಎನ್ನುತ್ತಾರೆ. ಆ ಬಳೆಯಿಂದ ಹಿಂದಿನ ಫಿಲ್ಮಿಗೆ ಅಥವಾ ಸೆನ್ಸರ್‌ಗೆ ಇರುವ ದೂರ ಪ್ರತಿ ಕ್ಯಾಮೆರಾ ಪದ್ಧತಿಗೂ ನಿಗದಿಯಾಗಿರುತ್ತದೆ. ಇದಕ್ಕೆ ಫ್ಲ್ಯಾಂಜ್ ದೂರ ಎಂದು ಹೆಸರು. ಲೆನ್ಸ್ ತಯಾರಿಸುವವರು ಈ ದೂರವನ್ನು ನಂಬಿಯೇ ಗಾಜುಗಳನ್ನು ಜೋಡಿಸಿರುತ್ತಾರೆ. ದೂರ ತಪ್ಪಿದರೆ ಬಿಂಬ ಸೆನ್ಸರ್‌ನ ಮೇಲೆ ಬೀಳದೆ ಅದರ ಮುಂದೋ ಹಿಂದೋ ಬೀಳುತ್ತದೆ.

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸ್‌ಗೂ ಫಿಲ್ಮಿಗೂ ನಡುವೆ ಮೇಲೆ ಕೆಳಗೆ ಆಡುವ ಕನ್ನಡಿಯೊಂದು ಇರುತ್ತಿತ್ತು. ಅದಕ್ಕೆ ಜಾಗ ಬೇಕಿದ್ದರಿಂದ ಈ ದೂರ ದೊಡ್ಡದು. ನಿಕಾನ್ ಎಫ್‌ನಲ್ಲಿ 46.5 ಮಿ.ಮೀ., ಪೆಂಟ್ಯಾಕ್ಸ್ ಕೆ ಮತ್ತು ತಿರುಪಿನ ಎಂ42 ಎರಡರಲ್ಲೂ 45.46, ಕ್ಯಾನನ್ ಎಫ್‌ಡಿಯಲ್ಲಿ 42. 2008ರಲ್ಲಿ ಪ್ಯಾನಸಾನಿಕ್ ಜಿ1 ಬಂದಾಗಿನಿಂದ ಕನ್ನಡಿಯೇ ಇಲ್ಲದ, ಅಂದರೆ ಮಿರರ್‌ಲೆಸ್ ಕ್ಯಾಮೆರಾಗಳು ಹರಡಿದವು. ಇವುಗಳಲ್ಲಿ ದೂರ ಅರ್ಧಕ್ಕಿಂತ ಕಡಿಮೆ: ಸೋನಿ ಇ 18, ಕ್ಯಾನನ್ ಆರ್‌ಎಫ್ 20, ನಿಕಾನ್ ಝಡ್ 16, ಫುಜಿ ಎಕ್ಸ್ 17.7 ಮಿ.ಮೀ.

ಇನ್ನುಳಿದದ್ದು ಕಳೆಯುವ ಲೆಕ್ಕ. ಪೆಂಟ್ಯಾಕ್ಸ್‌ನ 45.46ರಲ್ಲಿ ಸೋನಿಯ 18 ಕಳೆದರೆ 27.46 ಮಿ.ಮೀ. ಅಷ್ಟು ಉದ್ದದ, ಒಂದು ಕಡೆ ಪೆಂಟ್ಯಾಕ್ಸ್ ಬಾಯಿ, ಇನ್ನೊಂದು ಕಡೆ ಸೋನಿ ಬಾಯಿ ಇರುವ ಪೊಳ್ಳು ಕೊಳವೆಯೇ ಅಡಾಪ್ಟರ್. ಒಳಗೆ ಗಾಜಿಲ್ಲ, ತಂತಿಯಿಲ್ಲ. ಗಾಜಿಲ್ಲದ ಕಾರಣ ಅಡಾಪ್ಟರ್ ಚಿತ್ರದ ಗುಣಮಟ್ಟ ಕೆಡಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಒಳಮೈ ಹೊಳೆಯುತ್ತಿದ್ದರೆ ಮಾತ್ರ ಬೆಳಕು ಅಲ್ಲಿ ಬಡಿದು ಚಿತ್ರ ಮಂಕಾಗಬಹುದು. ಕಪ್ಪು ಮಖಮಲ್ಲಿನ ಪಟ್ಟಿ ಅಂಟಿಸಿದರೆ ಸಾಕು.

ಡಿಎಸ್‌ಎಲ್‌ಆರ್ ಇರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು, ಅವುಗಳಲ್ಲಿ ಕನ್ನಡಿ ಇನ್ನೂ ಇದೆ. ಕ್ಯಾನನ್ ಡಿಎಸ್‌ಎಲ್‌ಆರ್‌ನ ದೂರ 44 ಮಿ.ಮೀ. ಎಂ42 ಲೆನ್ಸ್‌ಗೆ ಒಂದೂವರೆ ಮಿ.ಮೀ. ಬಳೆ ಹಾಕಿದರೆ ಸರಿಯಾಗುತ್ತದೆ. ಆದರೆ ನಿಕಾನ್ ಡಿಎಸ್‌ಎಲ್‌ಆರ್‌ನ ದೂರ 46.5. ಎಂ42 ಲೆನ್ಸ್‌ಗೆ ಬೇಕಾದದ್ದಕ್ಕಿಂತ ಒಂದು ಮಿ.ಮೀ. ಹೆಚ್ಚು, ಕೊಳವೆ ಹಾಕಿ ಕಡಿಮೆ ಮಾಡಲು ಬಾರದು. ಒಂದು ಮಿ.ಮೀ. ಅಲ್ಲವೇ ಎನ್ನಬೇಡಿ. ಆ ಒಂದು ಮಿ.ಮೀ.ನಿಂದ 50 ಮಿ.ಮೀ. ಲೆನ್ಸ್ ಸುಮಾರು ಎರಡೂವರೆ ಮೀಟರ್‌ಗಿಂತ ಆಚೆಗೆ ಫೋಕಸ್ ಆಗುವುದೇ ಇಲ್ಲ. ಬೀದರಿನ ಮಹಮೂದ್ ಗವಾನ್ ಮದ್ರಸಾದ ಎದುರು ನಿಂತು ಮಿನಾರಿನ ಫೋಟೋ ತೆಗೆಯಲು ಹೋದರೆ ಮಿನಾರ್ ಮಂಜಾಗಿಯೇ ಬರುತ್ತದೆ, ಪಕ್ಕದಲ್ಲಿ ನಿಂತವರ ಮುಖ ಮಾತ್ರ ಸ್ಪಷ್ಟ. ಇದನ್ನು ತಿದ್ದಲು ಒಳಗೆ ಗಾಜಿಟ್ಟ ಅಡಾಪ್ಟರ್‌ಗಳು ಬರುತ್ತವೆ. ಅಗ್ಗದವು ಒಳ್ಳೆಯ ಲೆನ್ಸನ್ನು ಸಾಧಾರಣ ಮಾಡುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಆ ದುಡ್ಡು ಉಳಿಸಿ.

ಪೆಂಟ್ಯಾಕ್ಸ್ ಎಂದರೆ ಯಾವ ಪೆಂಟ್ಯಾಕ್ಸ್?

ನಮ್ಮ ತಮ್ಮ ಮೊದಲು ಎಡವಿದ್ದು ಇಲ್ಲಿ. ಪೆಂಟ್ಯಾಕ್ಸ್ ಲೆನ್ಸ್ ಎಂದು ಆನ್‌ಲೈನ್‌ನಲ್ಲಿ ಹುಡುಕಿ ತರಿಸಿದ ಅಡಾಪ್ಟರ್ ಎಂ42 ಆಗಿತ್ತು. ಪೆಂಟ್ಯಾಕ್ಸ್ 1975ರವರೆಗೆ ತಿರುಪಿನ ಎಂ42 ಬಳಸುತ್ತಿತ್ತು, ಆಮೇಲೆ ತಿರುಗಿಸಿ ‘ಟಕ್’ ಎಂದು ಕೂರುವ ಕೆ ಮೌಂಟ್‌ಗೆ ಬಂತು. ಕೆ1000 ಬಂದದ್ದು 1976ರಲ್ಲಿ, ಹಾಗಾಗಿ ಅದರ 50 ಮಿ.ಮೀ. ಲೆನ್ಸ್‌ಗೆ ‘ಪಿಕೆ’ ಎಂದು ಬರೆದ ಅಡಾಪ್ಟರ್ ಬೇಕು. ತಪ್ಪಿ ತರಿಸಿದ ಅಡಾಪ್ಟರ್ ಹಾಳಾಗಲಿಲ್ಲ, 135 ಮಿ.ಮೀ. ಲೆನ್ಸ್‌ಗೆ ಸರಿಯಾಗಿ ಕೂತಿತು.

ಲೆನ್ಸ್‌ನ ಮುಂಭಾಗದಲ್ಲಿರುವ ಕಂಪನಿಯ ಹೆಸರು ನೋಡಿ ಅಡಾಪ್ಟರ್ ಕೊಳ್ಳಬಾರದು. ಹಿಂಭಾಗ ನೋಡಬೇಕು. ತಿರುಪು ಇದ್ದು ಅಡ್ಡಳತೆ 42 ಮಿ.ಮೀ. ಇದ್ದರೆ ಬಹುಮಟ್ಟಿಗೆ ಎಂ42. ಬಹುಮಟ್ಟಿಗೆ ಎಂದದ್ದು ಏಕೆಂದರೆ ಟಿ ಮೌಂಟ್ ಎಂಬ ಇನ್ನೊಂದರ ಅಡ್ಡಳತೆಯೂ 42, ಆದರೆ ತಿರುಪಿನ ಹಲ್ಲುಗಳ ನಡುವಿನ ಅಂತರ 1 ಮಿ.ಮೀ. ಬದಲು 0.75. ಒಂದೆರಡು ಸುತ್ತು ಹೋಗಿ ಬಿಗಿಯಾದರೆ ಒತ್ತಿ ತಿರುಗಿಸಬೇಡಿ, ಹಲ್ಲು ಕಿತ್ತುಹೋಗುತ್ತವೆ.

ಅಡಾಪ್ಟರ್‌ನ ಉದ್ದವೂ ಸರಿಯಿರಬೇಕು. ಹತ್ತನೇ ಒಂದು ಮಿ.ಮೀ. ಉದ್ದವಾದರೂ 50 ಮಿ.ಮೀ. ಲೆನ್ಸ್‌ನ ಫೋಕಸ್ 25 ಮೀಟರ್ ಹತ್ತಿರ ನಿಲ್ಲುತ್ತದೆ. ಅದಕ್ಕೇ ಅಗ್ಗದ ಅಡಾಪ್ಟರ್ ಮಾಡುವವರು ಬೇಕೆಂದೇ ಚೂರು ಗಿಡ್ಡ ಮಾಡುತ್ತಾರೆ. ಆಗ ಲೆನ್ಸ್‌ನ ಮೇಲೆ ಬರೆದ ಮೀಟರ್, ಅಡಿಗಳ ಲೆಕ್ಕ ಹೊಂದುವುದಿಲ್ಲ, ಆದರೆ ದೂರದ್ದು ಸಿಗುತ್ತದೆ. ಪರೀಕ್ಷೆಗೆ ಹುಣ್ಣಿಮೆಯ ಚಂದ್ರನಿಗಿಂತ ಒಳ್ಳೆಯದು ಯಾವುದೂ ಇಲ್ಲ. ಔರಾದ್ ಕಡೆಯ ಬಯಲಿನಲ್ಲಿ ಚಂದ್ರನಿಗೇನು ಕೊರತೆ!

50 ಇದ್ದದ್ದು 75 ಆಗುತ್ತದೆಯೇ?

ಆಗುವುದಿಲ್ಲ. ಫೋಕಲ್ ಲೆಂತ್ ಲೆನ್ಸ್‌ನ ಗುಣ, ಯಾವ ಕ್ಯಾಮೆರಾಗೆ ಹಾಕಿದರೂ 50 ಐವತ್ತೇ. ಬದಲಾಗುವುದು ಕಾಣುವ ಹರವು. ಫಿಲ್ಮಿನ ಚೌಕಟ್ಟು 36×24 ಮಿ.ಮೀ. ನಮ್ಮಲ್ಲಿ ಹೆಚ್ಚು ಜನರ ಬಳಿ ಇರುವ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6. ಲೆನ್ಸ್ ಅಷ್ಟೇ ದೊಡ್ಡ ಬಿಂಬ ಬೀಳಿಸುತ್ತದೆ, ಸೆನ್ಸರ್ ಅದರ ನಡುವಿನ ಭಾಗವನ್ನಷ್ಟೇ ಹಿಡಿಯುತ್ತದೆ. ಹೀಗಾಗಿ 50 ಮಿ.ಮೀ. ಲೆನ್ಸ್, ಫಿಲ್ಮಿನಲ್ಲಿ 75 ಮಿ.ಮೀ. ತೋರಿಸುತ್ತಿದ್ದಷ್ಟು ಹರವನ್ನು ತೋರಿಸುತ್ತದೆ. ಒಬ್ಬರ ಭಾವಚಿತ್ರಕ್ಕೆ ಇದು ಲಾಭ. ಬೀದರ್ ಕೋಟೆಯ ರಂಗೀನ್ ಮಹಲಿನ ಕೋಣೆಯಲ್ಲಿ, ಒಳಗೆ ಬಿಟ್ಟರೆ, ಬೆನ್ನು ಗೋಡೆಗೆ ತಾಗಿದರೂ ಎದುರಿನ ಬಾಗಿಲು ಪೂರ್ತಿ ಚೌಕಟ್ಟಿಗೆ ಬರಲಿಕ್ಕಿಲ್ಲ. ಆದರೆ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಯ ಒಂದು ತುಣುಕಿಗೆ ಇದು ಹೇಳಿ ಮಾಡಿಸಿದಂತಿದೆ.

ಅಲ್ಲಿ ಇನ್ನೊಂದು ಲಾಭವೂ ಇದೆ. ಕ್ಯಾಮೆರಾದ ಜತೆ ಬರುವ ಝೂಮ್‌ಗಳು 50 ಮಿ.ಮೀ. ತುದಿಯಲ್ಲಿ ಸಾಮಾನ್ಯವಾಗಿ ಎಫ್/5.6 ಅಷ್ಟೇ ತೆರೆಯುತ್ತವೆ. ಹಳೆಯ 50 ಮಿ.ಮೀ. ಎಫ್/2 ಅದರ ಎಂಟು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕೈಯಲ್ಲಿ ಹಿಡಿದು ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ಅಲುಗಿ ಹೋಗುತ್ತಿದ್ದ ಚಿತ್ರ ನೂರಿಪ್ಪತ್ತೈದನೇ ಒಂದು ಭಾಗದಲ್ಲಿ ನಿಲ್ಲುತ್ತದೆ.

ಲೆನ್ಸ್ ಇದೆ ಎಂದೇ ಕ್ಯಾಮೆರಾಗೆ ಗೊತ್ತಾಗುವುದಿಲ್ಲ

ಪೊಳ್ಳು ಕೊಳವೆಯಲ್ಲಿ ವಿದ್ಯುತ್ ಸಂಪರ್ಕ ಇಲ್ಲದ ಕಾರಣ ಕ್ಯಾಮೆರಾ ‘ಲೆನ್ಸ್ ಇಲ್ಲ’ ಎಂದು ಹೇಳಿ ಶಟರ್ ಒತ್ತಲು ಬಿಡದಿರಬಹುದು. ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆ ಮೆನುವಿನಲ್ಲಿರುತ್ತದೆ, ಅದನ್ನು ಆನ್ ಮಾಡಿ. ಅಪರ್ಚರನ್ನು ಲೆನ್ಸ್‌ನ ಬಳೆ ತಿರುಗಿಸಿ ನೀವೇ ಇಡಬೇಕು. ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ ಹಾಕಿದರೆ ಶಟರ್ ವೇಗ ಅದೇ ನೋಡಿಕೊಳ್ಳುತ್ತದೆ. ಫೋಕಸ್ ಕೈಯಲ್ಲೇ. ಚೂಪಾದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಸಹಾಯಕ್ಕಿದೆ. ಎಫ್/2ರಲ್ಲಿ ಅದನ್ನೇ ನಂಬಿದರೆ ಮೂಗು ಚೂಪಾಗಿ ಕಣ್ಣು ಮಂಕಾಗುತ್ತದೆ, ಆದ್ದರಿಂದ ಪರದೆಯ ಚಿತ್ರವನ್ನು ಹಿಗ್ಗಿಸಿ ನೋಡುವುದೇ ಭದ್ರ. ಕ್ಯಾಮೆರಾದ ಒಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಲೆನ್ಸ್‌ನ ಫೋಕಲ್ ಲೆಂತ್ ಕೇಳುತ್ತದೆ. 75 ಅಲ್ಲ, 50 ಎಂದೇ ತುಂಬಿ.

ಬಳೆಯೇ ಇಲ್ಲದ ಲೆನ್ಸ್‌ಗಳು ಬೇರೆ ಜಾತಿ. 1987ರಿಂದ ಬಂದ ಕ್ಯಾನನ್ ಇಎಫ್ ಲೆನ್ಸ್‌ಗಳ ಅಪರ್ಚರ್ ವಿದ್ಯುತ್ತಿನಿಂದ ನಡೆಯುತ್ತದೆ. ಪೊಳ್ಳು ಕೊಳವೆ ಹಾಕಿದರೆ ಅದನ್ನು ಹೊಂದಿಸಲು ಆಗುವುದೇ ಇಲ್ಲ, ಚಿಪ್ ಇರುವ ದುಬಾರಿ ಅಡಾಪ್ಟರ್ ಬೇಕು.

ರೇಡಿಯೇಷನ್ ಮಾತು ಸುಳ್ಳೇ?

ಪೂರ್ತಿ ಸುಳ್ಳಲ್ಲ. 1940ರ ದಶಕದಿಂದ 1970ರ ದಶಕದವರೆಗೆ ಕೆಲವು ಲೆನ್ಸ್‌ಗಳ ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸುತ್ತಿದ್ದರು. ಅಂಥ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಬಣ್ಣಗಳನ್ನು ಮಾತ್ರ ಅಷ್ಟಾಗಿ ಚದುರಿಸುವುದಿಲ್ಲ. ಕೊಡ್ಯಾಕ್‌ನ ಏರೋ-ಎಕ್ಟಾರ್, ಪೆಂಟ್ಯಾಕ್ಸ್‌ನ ತಿರುಪಿನ ಟಕುಮಾರ್ 50 ಮಿ.ಮೀ. ಎಫ್/1.4ರ ಹೆಚ್ಚಿನ ಆವೃತ್ತಿಗಳು, ಕ್ಯಾನನ್ ಎಫ್‌ಡಿ 35 ಮಿ.ಮೀ. ಎಫ್/2ರ ಮೊದಲ ಆವೃತ್ತಿ ಇದಕ್ಕೆ ಹೆಸರಾದವು. ಥೋರಿಯಂ ನಮಗೆ ಹೊಸದಲ್ಲ, ಕೇರಳದ ಕರಾವಳಿಯ ಮೊನಜೈಟ್ ಮರಳಿನಲ್ಲಿ ಇರುವುದೂ ಅದೇ.

ಥೋರಿಯಂ ಲೆನ್ಸ್‌ಗೆ ಗೈಗರ್ ಕೌಂಟರ್ ತಾಗಿಸಿದರೆ ಅದು ಸದ್ದು ಮಾಡುತ್ತದೆ. ದೂರ ಸರಿಸಿದಂತೆ ಸದ್ದು ಬೇಗನೆ ಇಳಿಯುತ್ತದೆ. ಅದರ ಆಲ್ಫಾ ಕಣಗಳಲ್ಲಿ ಹೆಚ್ಚಿನವು ಗಾಜಿನೊಳಗೇ ನಿಲ್ಲುತ್ತವೆ. ಹೊರಬರುವ ಬೀಟಾ, ಗಾಮಾ ಸ್ವಲ್ಪ. ಕ್ಯಾಮೆರಾಗೆ ಹಾಕಿ ಫೋಟೋ ತೆಗೆಯುವ ಬಳಕೆಯಲ್ಲಿ ಅಪಾಯ ತೀರಾ ಕಡಿಮೆ. ಮಾಡಬಾರದ್ದು ಎಂದರೆ ಆ ಗಾಜನ್ನು ಉಜ್ಜುವುದು, ಒಡೆಯುವುದು, ಪುಡಿಯನ್ನು ಉಸಿರಾಡುವುದು. ದಿನವಿಡೀ ಜೇಬಿನಲ್ಲಿಟ್ಟು ತಿರುಗುವುದೂ ಬೇಡ, ಮಕ್ಕಳಿಗೆ ಆಟಕ್ಕೆ ಕೊಡುವುದೂ ಬೇಡ.

ಹಾಗಾದರೆ ಕಾಕಾನ ಲೆನ್ಸ್? ಕೆ ಮೌಂಟಿನ ಆ ಸಾಧಾರಣ 50 ಮಿ.ಮೀ. ಎಫ್/2 ಥೋರಿಯಂ ಲೆನ್ಸ್‌ಗಳ ಪೈಕಿ ಅಲ್ಲ. ಅಂಗಡಿಯವರು ಯಾವುದೋ ಟಕುಮಾರ್‌ನ ಕಥೆಯನ್ನು ಪೆಂಟ್ಯಾಕ್ಸ್ ಹೆಸರಿರುವ ಎಲ್ಲದಕ್ಕೂ ಅಂಟಿಸಿದ್ದರು ಎಂದು ಕಾಣುತ್ತದೆ.

ನಿಮ್ಮಲ್ಲಿರುವುದು ಥೋರಿಯಂ ಲೆನ್ಸೇ ಆಗಿದ್ದರೆ ಒಂದು ಗುರುತು ಸಿಗುತ್ತದೆ: ಬಿಳಿ ಹಾಳೆಯ ಮೇಲೆ ಹಿಡಿದು ನೋಡಿದರೆ ಗಾಜು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ವಿಕಿರಣದಿಂದ ಗಾಜಿನೊಳಗೆ ಆಗುವ ಬದಲಾವಣೆ ಅದು. ನೇರಳಾತೀತ ಬೆಳಕಿಗೆ ಇಟ್ಟರೆ ಕೆಲವು ದಿನ, ವಾರಗಳಲ್ಲಿ ತಿಳಿಯಾಗುತ್ತದೆ. ಬಿಸಿಲು ಸಾಕು, ಆದರೆ ಬೀದರಿನ ಮೇ ತಿಂಗಳ ಮಾಳಿಗೆಯ ಮೇಲಲ್ಲ. ಒಳಗಿನ ಗ್ರೀಸ್ ಕರಗಿ ಅಪರ್ಚರ್ ಪದರಗಳಿಗೆ ಹರಿಯುತ್ತದೆ. ಇನ್ನೂ ದೊಡ್ಡ ಅಪಾಯ, ಎರಡೂ ಮುಚ್ಚಳ ತೆಗೆದಿಟ್ಟ ಲೆನ್ಸ್ ಭೂತಗನ್ನಡಿಯ ಹಾಗೆ ಹಿಂದಿನ ಬಟ್ಟೆಗೆ ಬೆಂಕಿ ಹಚ್ಚಬಲ್ಲದು. ಚಳಿಗಾಲದ ಬೆಳಗಿನ ಬಿಸಿಲಲ್ಲಿ, ಹಿಂದಿನ ಮುಚ್ಚಳ ಹಾಕಿಯೇ ಇಡಿ.

ಫಂಗಸ್ ಅಂಟುರೋಗವಲ್ಲ, ಆದರೆ...

135 ಮಿ.ಮೀ. ಲೆನ್ಸ್‌ನ ಒಳಗೆ ಜೇಡರ ಬಲೆಯಂಥ ಎಳೆಗಳಿದ್ದವು. ಅದು ಬೂಷ್ಟು, ಫಂಗಸ್. ಇದರ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇವೆ, ನಿಮ್ಮ ಹೊಸ ಲೆನ್ಸ್‌ನ ಮೇಲೂ ಈಗಾಗಲೇ ಇವೆ. ಅವು ಬೆಳೆಯಲು ಬೇಕಾದದ್ದು ತೇವ, ಕತ್ತಲೆ, ನಿಂತ ಗಾಳಿ. ಹಳೆಯ ಲೆನ್ಸನ್ನು ಕ್ಯಾಮೆರಾಗೆ ಹಾಕಿ ತೆಗೆದ ಮಾತ್ರಕ್ಕೆ ಫಂಗಸ್ ದಾಟಿ ಬರುವುದಿಲ್ಲ. ಆದರೆ ಒದ್ದೆಯಾದ ಒಂದೇ ಚೀಲದಲ್ಲಿ ಎರಡನ್ನೂ ಇಟ್ಟರೆ ಎರಡಕ್ಕೂ ಬರುತ್ತದೆ, ತೇವ ಇಬ್ಬರಿಗೂ ಒಂದೇ. ನಮ್ಮ ಬೀದರಿನ ಬೇಸಿಗೆ ಒಣ. ಕಾಟ ಇರುವುದು ಮಳೆಗಾಲದ ತಿಂಗಳುಗಳಲ್ಲಿ, ಅದರಲ್ಲೂ ತೊಗಲಿನ ಕೇಸ್‌ನಲ್ಲಿ. ತೊಗಲು ತೇವ ಹಿಡಿಯುತ್ತದೆ, ಬೂಷ್ಟಿಗೆ ಊಟವೂ ಆಗುತ್ತದೆ.

ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ ಎಂಬ ಸಲಹೆ ಕೇಳಿರುತ್ತೀರಿ. ಅಕ್ಕಿ ತೇವ ಹೀರುವುದು ಕಡಿಮೆ, ಹಿಟ್ಟಿನ ಪುಡಿ ಕೊಡುವುದು ಹೆಚ್ಚು. ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಸಾಕು. ಬಣ್ಣ ಬದಲಿಸುವ ಜಾತಿಯದಾದರೆ ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ.

ಬಂದಿರುವ ಫಂಗಸ್ ಎಷ್ಟು ಹಾಳು ಮಾಡುತ್ತದೆ? ಅಂಚಿನಲ್ಲಿ ನಾಲ್ಕು ಎಳೆಗಳಿದ್ದರೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಮುಂದಿನ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಕಾಗದ ಅಂಟಿಸಿ ಫೋಟೋ ತೆಗೆದು ನೋಡಿ, ಆ ಚೂರು ಚಿತ್ರದಲ್ಲಿ ಸಿಗುವುದಿಲ್ಲ. ಅದು ಫೋಕಸ್‌ನಿಂದ ಅಷ್ಟು ದೂರ ಇರುತ್ತದೆ. ಒಳಗಿನ ಧೂಳಿಗೂ ಇದೇ ಮಾತು. ಗಾಜಿನ ತುಂಬ ಹರಡಿದ ಫಂಗಸ್, ಹೊಗೆ ಹಿಡಿದಂತಹ ಮಂಕು, ಹಿಂದಿನ ಗಾಜಿನ ಮೇಲಿನ ಗೀರು ಇವು ಮಾತ್ರ ತೊಂದರೆ. ಫಂಗಸ್ ಬಿಡುವ ಆಮ್ಲ ಗಾಜಿನ ಲೇಪವನ್ನು ತಿಂದಿದ್ದರೆ ಒರೆಸಿದ ಮೇಲೂ ಕಲೆ ಉಳಿಯುತ್ತದೆ. ಕೊಳ್ಳುವ ಮೊದಲು ಮೊಬೈಲ್ ಟಾರ್ಚನ್ನು ಒಂದು ಕಡೆ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನೇರ ಕಣ್ಣಿಗೆ ಟಾರ್ಚ್ ಬೇಡ.

ಯಾವ ಕೆಲಸಕ್ಕೆ, ಯಾವುದಕ್ಕೆ ಬೇಡ

ಮದುವೆಗೆ ಬೇಡ. ಅಕ್ಷತೆ ಬೀಳುವ ಕ್ಷಣದಲ್ಲಿ ಫೋಕಸ್ ಬಳೆ ತಿರುಗಿಸುತ್ತ ನಿಂತರೆ ಆ ಚಿತ್ರ ಹೋಯಿತು, ಗಿರಾಕಿಯೂ ಹೋದ. ಬೀದರ್ ಸೀಮೆಯ ಹೊಲಗಳಲ್ಲಿ ಕೃಷ್ಣಮೃಗ ಓಡುವುದನ್ನು ಹಳೆಯ 135ರಲ್ಲಿ ಹಿಡಿಯುತ್ತೇನೆ ಎನ್ನುವುದೂ ಹಟ ಅಷ್ಟೇ. ಕಾಕಾನ ಕಾಲದಲ್ಲಿ ಎಲ್ಲವನ್ನೂ ಕೈಯಲ್ಲೇ ಫೋಕಸ್ ಮಾಡುತ್ತಿದ್ದರು, ನಿಜ. ಆದರೆ ಆ ಕ್ಯಾಮೆರಾದ ನೋಟಕಿಂಡಿಯಲ್ಲಿ ಅದಕ್ಕೆಂದೇ ಪಟ್ಟಕಗಳಿದ್ದವು, ವರ್ಷಗಟ್ಟಲೆ ಪಳಗಿದ ಬೆರಳೂ ಇತ್ತು.

ಇವು ಗೆಲ್ಲುವುದು ಕದಲದ ವಸ್ತುಗಳಲ್ಲಿ. ಬಿದರಿ ಸಾಮಾನು ಮಾರುವವರು ಈಗ ಫೋನಿನಲ್ಲೇ ಗಿರಾಕಿಗಳಿಗೆ ಚಿತ್ರ ಕಳಿಸುತ್ತಾರೆ. ಬೆಳ್ಳಿ ತಂತಿಯ ಕುಸುರಿ ಹತ್ತಿರದಿಂದ ಕಂಡರೆ ತಾನೇ ಬೆಲೆ? ಹೊಸ ಮ್ಯಾಕ್ರೋ ಲೆನ್ಸ್‌ಗೆ ಹತ್ತಾರು ಸಾವಿರ ರೂಪಾಯಿ. ಹಳೆಯ 50 ಮಿ.ಮೀ. ಲೆನ್ಸ್ ಮತ್ತು ಅಡಾಪ್ಟರ್ ನಡುವೆ 25 ಮಿ.ಮೀ.ನ ಇನ್ನೊಂದು ಪೊಳ್ಳು ಬಳೆ ಸೇರಿಸಿದರೆ ವಸ್ತುವಿನ ಅರ್ಧದಷ್ಟು ದೊಡ್ಡ ಬಿಂಬ ಸೆನ್ಸರ್ ಮೇಲೆ ಬೀಳುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಹೂದಾನಿಯ ಮೈಮೇಲಿನ 47 ಮಿ.ಮೀ. ಅಗಲದ ಭಾಗ ಚೌಕಟ್ಟು ತುಂಬುತ್ತದೆ. ಬಳೆಯಿಂದ ಬೆಳಕು ಕಡಿಮೆಯಾಗುತ್ತದೆ, ಎಫ್/8 ಇಟ್ಟದ್ದು ಎಫ್/12ರಂತೆ ನಡೆಯುತ್ತದೆ. ಟ್ರೈಪಾಡ್ ಬೇಕೇ ಬೇಕು.

ಬಿದರಿಯ ಕಪ್ಪು ಬೆಳಕು ನುಂಗುತ್ತದೆ, ಬೆಳ್ಳಿ ಕನ್ನಡಿಯಂತೆ ತಿರುಗಿ ಎಸೆಯುತ್ತದೆ. ಹಳೆಯ ಲೆನ್ಸ್‌ಗಳ ಲೇಪ ಇಂದಿನಷ್ಟು ಬಲವಾದುದಲ್ಲ, ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಕಪ್ಪು ಬೂದಿಯಾಗುತ್ತದೆ. ಇನ್ನೊಂದು ಕಾರಣವೂ ಇದೆ. ಫಿಲ್ಮಿನ ಮೈ ಮಂಕು, ಸೆನ್ಸರ್‌ನ ಮೈ ಹೊಳಪು. ಸೆನ್ಸರ್‌ಗೆ ಬಡಿದ ಬೆಳಕು ವಾಪಸ್ಸು ಲೆನ್ಸ್‌ಗೆ ಹೋಗಿ ಮತ್ತೆ ಮರಳಿ ನಡುವೆ ಮಬ್ಬು ಚುಕ್ಕೆ ಮೂಡಿಸಬಹುದು. ಕಪ್ಪು ಕಾಗದ ಸುತ್ತಿದ ಹುಡ್ ಹಾಕಿ, ಎಫ್/5.6ರಿಂದ 8ರ ನಡುವೆ ತೆಗೆಯಿರಿ. ಇಂಥ ಹಳೆಯ 50 ಮಿ.ಮೀ. ಲೆನ್ಸ್‌ಗಳು ಸಾಮಾನ್ಯವಾಗಿ ಅತಿ ಚೂಪಾಗಿರುವುದು ಅಲ್ಲಿಯೇ.

ಕ್ಯಾಮೆರಾ ಹಾಳಾಗುತ್ತದೆಯೇ ಎಂಬ ಪ್ರಶ್ನೆ ಉಳಿಯಿತು. ಮಿರರ್‌ಲೆಸ್‌ನಲ್ಲಿ ಎಸ್‌ಎಲ್‌ಆರ್ ಲೆನ್ಸ್‌ನಿಂದ ಆ ಭಯ ಇಲ್ಲವೆನ್ನಬಹುದು, ನಡುವೆ ಒಂದು ಇಂಚು ಕೊಳವೆ ಇದೆ. ಹಿಂದಿನ ಗಾಜು ಚಾಚಿಕೊಂಡಿರುವ ಕೆಲವು ಹಳೆಯ ವೈಡ್ ಲೆನ್ಸ್‌ಗಳು ಶಟರ್‌ಗೋ, ಡಿಎಸ್‌ಎಲ್‌ಆರ್‌ನ ಕನ್ನಡಿಗೋ ತಾಗಬಹುದು, ಅವನ್ನು ಹಾಕುವ ಮೊದಲು ಅಳೆಯಿರಿ. ಭಾರದ ಲೆನ್ಸ್ ಆದರೆ ಕ್ಯಾಮೆರಾ ಅಲ್ಲ, ಲೆನ್ಸ್ ಹಿಡಿದು ಎತ್ತಿ.

ಪಿಕೆ ಅಡಾಪ್ಟರ್ ಬಂದ ಮೇಲೆ ನಮ್ಮ ತಮ್ಮ 50 ಮಿ.ಮೀ. ಹಾಕಿ ಮೊದಲು ತೆಗೆದದ್ದು ಬಾಗಿಲಲ್ಲಿ ಕೂತ ಕಾಕಾನ ಮುಖ. ಫಂಗಸ್ ಇರುವ 135ರಲ್ಲಿ ಚಿತ್ರ ತುಸು ಮಂಕು ಬರುತ್ತದೆ, ಕಂಪ್ಯೂಟರ್‌ನಲ್ಲಿ ಕಾಂಟ್ರಾಸ್ಟ್ ಏರಿಸಿದರೆ ನಡೆಯುತ್ತದೆ. ಎರಡು ಕಣ್ಣಿನ ಯಾಶಿಕಾದ ಲೆನ್ಸ್ ಮಾತ್ರ ಯಾವ ಅಡಾಪ್ಟರ್‌ಗೂ ಕೂಡದು. ಅದರ ಶಟರ್ ಲೆನ್ಸ್‌ನೊಳಗೇ ಇದೆ, ಲೆನ್ಸ್ ಡಬ್ಬಿಗೇ ಕೂಡಿಸಿದ್ದು, ಬಿಚ್ಚಿ ತೆಗೆಯುವಂಥದ್ದಲ್ಲ. ಆಗ್ಫಾ ಕ್ಲಿಕ್-3 ಥರದ ಡಬ್ಬಿ ಕ್ಯಾಮೆರಾಗಳದೂ ಇದೇ ಕಥೆ. ಅವಕ್ಕೆ ಬೇಕಾದ 120 ಸೈಜಿನ ರೀಲು ಇಂದಿಗೂ ತಯಾರಾಗುತ್ತದೆ, ಔರಾದ್‌ನಲ್ಲಂತೂ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕು.